ಝುಬೈದಾ ಟೀಚರ್ ಬರೆದ ಮೂರನೆಯ ರೀಡಿಂಗ್

ಕಾವೂರಿನ ಝುಬೈದಾ ಅವರು ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಬೋಧಕಿಯಾಗಿದ್ದು ನಿವೃತ್ತರಾದವರು. ಅವರ ಬದುಕನ್ನು ದಾಖಲಿಸಲು ಹೋಗಿ, ಹುಟ್ಟಿದ ವರ್ಷದಿಂದ ಕ್ರಮವಾಗಿ ಪ್ರಶ್ನೆ ಆರಂಭಿಸಿದೆ. ಅವರು ತಡೆದರು. "ಅದೆಲ್ಲ ಮತ್ತೆ. ಮೊದಲು ನಾನು ಕಳ್ಳಿಯಾದದ್ದನ್ನು ಬರ್ಕೊಳ್ಳಿ."

ಅವರ ಹಳೆಯ ವಿದ್ಯಾರ್ಥಿ ಸೆಡ್ರಿಕ್ ಮತ್ತು ಗೆಳೆಯರು ಬಿ.ಎಸ್ಸಿ. ಪಾಠಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ, ಕನ್ನಡದಲ್ಲಿ ಕೊಡಲು ಸ್ವಯಂಸೇವಕರನ್ನು ಹುಡುಕುತ್ತಿದ್ದರು. ಟೈಟ್ರೇಶನ್ ಪ್ರಯೋಗದ ಪಾಠವನ್ನು ಝುಬೈದಾ ವಹಿಸಿಕೊಂಡರು. "ಸೇವೆ ಅಂತ ಬರೀಬೇಡಿ. ಹೋದ ಮದುವೆಮನೆಯಲ್ಲೆಲ್ಲ ಹೇಳ್ಕೊಳ್ಲಿಕ್ಕೆ ಒಂದು ವಿಷಯ ಬೇಕಿತ್ತು."

ಈ ಪ್ರಯೋಗದಲ್ಲಿ ಬ್ಯೂರೆಟ್ ಎಂಬ ಗೆರೆ ಹಾಕಿದ ಗಾಜಿನ ಕೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಇಳಿಸಬೇಕು. ಕೆಳಗಿನ ಫ್ಲಾಸ್ಕಿನಲ್ಲಿ ನಸುಗುಲಾಬಿ ನಿಂತೊಡನೆ ನಿಲ್ಲಿಸಿ, ಇಳಿದದ್ದೆಷ್ಟೆಂದು ಬರೆಯಬೇಕು. ಹೀಗೆ ಮೂರು ಸಲ. ಮೊದಲ ಎರಡನ್ನು ನೋಡಿ ಮೂರನೆಯದನ್ನು ಸುಮ್ಮನೆ ಬರೆದುಬಿಡುವುದು ವಿದ್ಯಾರ್ಥಿಗಳ ಚಾಳಿ. ಅದನ್ನು ಹಿಡಿಯುವುದರಲ್ಲಿ ಝುಬೈದಾ ಹೆಸರುವಾಸಿ.

ಕಾಲೇಜಿನಿಂದ ಒಂದು ದಿನದ ಮಟ್ಟಿಗೆ ಬ್ಯೂರೆಟ್ ಬಂತು. ಅಡುಗೆಮನೆಯಲ್ಲಿ ಚಿತ್ರೀಕರಣ. ತೊಕ್ಕೊಟ್ಟಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪತಿ ಬಶೀರ್ ಮೊಬೈಲ್ ಹಿಡಿದು ನಿಂತರು. ಮೊದಲ ಸಲ ೧೦.೨ ಮಿಲಿಲೀಟರ್. ಎರಡನೆಯ ಸಲವೂ ೧೦.೨. ಮೂರನೆಯ ಸಲ ಹನಿ ಬೀಳುತ್ತಿರುವಾಗ ಬಶೀರ್ ಬಾಯಿಬಿಟ್ಟರು: "ಇನ್ನೆಷ್ಟು ಹೊತ್ತು ಮಾರಾಯ್ತಿ? ಬಂಗುಡೆ ಮೀನಿನ ಸಾರು ಆರ್ತದೆ."

ಝುಬೈದಾ ಅವರತ್ತ ಕಣ್ಣು ಕೆಕ್ಕರಿಸಿ ತಿರುಗುವಷ್ಟರಲ್ಲಿ ಹನಿ ಹೆಚ್ಚಾಗಿ ನಸುಗುಲಾಬಿ ಕಡುಗುಲಾಬಿಯಾಗಿತ್ತು. ಮತ್ತೊಮ್ಮೆ ಮಾಡಬೇಕಿತ್ತು, ಮಾಡಲಿಲ್ಲ. ಕ್ಯಾಮರಾದ ಎದುರೇ ೧೦.೨ ಎಂದು ಬರೆದರು. "ಕೈ ಒಂದು ಸಲ ನಡುಗಿದ್ರೂ ಮರ್ಯಾದೆ ಇತ್ತು. ನಡುಗಲೇ ಇಲ್ಲ ನೋಡಿ!"

ಎರಡು ದಿನಗಳ ಬಳಿಕ ಸೆಡ್ರಿಕ್ ಫೋನ್ ಮಾಡಿದ.

"ಟೀಚರ್, ಒಂದು ಡೌಟ್ ಉಂಟು. ಬ್ಯೂರೆಟ್ಟಲ್ಲಿ ಹತ್ತು ಪಾಯಿಂಟ್ ಏಳು ಕಾಣ್ತದೆ. ನೀವು ಬರ್ದದ್ದು ಹತ್ತು ಪಾಯಿಂಟ್ ಎರಡು."

"ಅವರು ಮೊಬೈಲ್ ಓರೆ ಹಿಡಿದಿರ್ಬೇಕು."

"ಬಣ್ಣವೂ ಓರೆಯಾ ಟೀಚರ್?"

ಬ್ಯೂರೆಟ್ ಕಾಲೇಜಿಗೆ ಮರಳಿತ್ತು; ಸೋಮವಾರ ಕೋರ್ಸ್ ಆರಂಭ. ಸೆಡ್ರಿಕ್ಕನೇ ದಾರಿ ತೋರಿಸಿದ: "ಮೂರನೇದನ್ನು ಕಟ್ ಮಾಡ್ತೇನೆ. ಯಾರಿಗೂ ಗೊತ್ತಾಗುದಿಲ್ಲ."

ಮೂವತ್ತೊಂದು ವರ್ಷ ಕಾಪಾಡಿಕೊಂಡ ಹೆಸರು ಉಳಿಯುತ್ತಿತ್ತು. ಆದರೆ ಊಟ ಸೇರಲಿಲ್ಲ. ಬಶೀರ್ ಸಮಾಧಾನ ಹೇಳಿದರು: "ಅರ್ಧ ಮಿಲಿಗೆ ಇಷ್ಟು ಗಲಾಟೆಯಾ? ನಮ್ಮಲ್ಲಿ ಬಟ್ಟೆಗೆ ಕತ್ತರಿ ಹಾಕುವಾಗಲೇ ಅಷ್ಟು ಹೋಗ್ತದೆ." ಆ ಸಮಾಧಾನ ಕೇಳಿದ ಮೇಲೆ ಝುಬೈದಾ ಫೋನ್ ಎತ್ತಿಕೊಂಡರು.

"ಕಟ್ ಮಾಡ್ಬೇಡ ಸೆಡ್ರಿಕ್. ನಿನ್ನ ರೆಕಾರ್ಡ್ ಬುಕ್ಕಿನಲ್ಲಿ ನಾನು ಬರ್ದದ್ದು ನೆನಪುಂಟಾ?"

"ಮರೆಯುದಾ ಟೀಚರ್? 'ನೋಡಿದ್ದಲ್ಲ, ಊಹಿಸಿದ್ದು.' ಕೆಂಪು ಪೆನ್ನಲ್ಲಿ. ಇಡೀ ಬ್ಯಾಚಿಗೆ ಎತ್ತಿ ತೋರಿಸಿದ್ರಿ."

"ಅದನ್ನೇ ನನ್ನದಕ್ಕೂ ಬರಿ. ಬಂಗುಡೆ ಮಾತು ಹಾಗೇ ಇರ್ಲಿ. ತಪ್ಪಾದದ್ದು ಹೇಗೆಂದು ಮಕ್ಕಳಿಗೆ ತಿಳೀಬೇಕಲ್ಲ."

ಆ ಪಾಠವನ್ನು ಅವರು ನನಗೂ ತೋರಿಸಿದರು. ಮೂರನೆಯ ರೀಡಿಂಗ್ ಬಂದಾಗ ಚಿತ್ರ ನಿಲ್ಲುತ್ತದೆ, ೧೦.೨ರ ಮೇಲೆ ಗೆರೆ, ಪಕ್ಕದಲ್ಲಿ ೧೦.೭, ಕೆಳಗೆ ಕೆಂಪಿನಲ್ಲಿ ಸೆಡ್ರಿಕ್‌ನ ಕೈಬರಹ. ಝುಬೈದಾ ಕನ್ನಡಕ ಏರಿಸಿ ಅದನ್ನೇ ನೋಡಿದರು.

"ಅಕ್ಷರ ನೋಡಿ ಇವನದ್ದು. ಆಗಲೂ ಹೀಗೇ ಇತ್ತು. ಅದಕ್ಕೂ ಎರಡು ಮಾರ್ಕ್ ಕಡಿಮೆ ಕೊಟ್ಟಿದ್ದೆ."