ಮಕ್ಸೂದಾ ಹಿಂದಕ್ಕೆ ನೆಟ್ಟ ಸ್ಟಂಪು

ಮಕ್ಸೂದಾ ಮೈದಾನಕ್ಕೆ ಬರುವುದು ಆಟಗಾರರ ಸ್ವೆಟರು ಹಿಡಿದುಕೊಳ್ಳಲಿಕ್ಕೆ ಎಂದೇ ಕೇಶವಮೂರ್ತಿಗಳು ಮೊದಮೊದಲು ನಂಬಿದ್ದರು. ಅವರ ತಪ್ಪೇನೂ ಇರಲಿಲ್ಲ. ಅಮೆರಿಕದ ಶ್ಯಾಂಟಿಲಿ ಎಂಬ ಊರಿನ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ನೋಡಿದರೆ ಆಕೆ ಸೊಂಟಕ್ಕೆ ಎರಡು ಸ್ವೆಟರು ಕಟ್ಟಿಕೊಂಡು, ದುಪಟ್ಟಾದ ಮೇಲೆ ಯಾರದೋ ಟೋಪಿ ಹೇರಿಕೊಂಡು, ಕೈತುಂಬ ಯಾರಯಾರದೋ ವಾಚು, ಕೀಗೊಂಚಲು ಹಿಡಿದು ಬೌಲರ್ ಕಡೆಯ ವಿಕೆಟ್ಟಿನ ಹಿಂದೆ ನಿಂತಿರುತ್ತಿದ್ದರು. ನಮ್ಮ ಅನ್ವರ್ ಪಾಷಾನ ಹೆಂಡತಿ, ಪಾಪ, ಎಂಥ ಉಪಕಾರದ ಸ್ವಭಾವ ಎಂದುಕೊಂಡು ಮೂರ್ತಿಗಳು ತಮ್ಮ ಸ್ವೆಟರನ್ನೂ ಆಕೆಯ ತೋಳಿಗೆ ಹಾಕಿ ಬ್ಯಾಟ್ ಮಾಡಲು ಹೋದರು. ಎರಡನೆಯ ಬಾಲು ಪ್ಯಾಡಿಗೆ ಬಡಿಯಿತು. ಉಣ್ಣೆಯ ರಾಶಿಯೊಳಗಿನಿಂದ ಒಂದು ಬೆರಳು ಮೇಲೆದ್ದಿತು.

ಅಲ್ಲಿಯವರೆಗೆ ಕೇಶವಮೂರ್ತಿಗಳಿಗೆ ಎಲ್‌ಬಿಡಬ್ಲ್ಯು ಕೊಟ್ಟ ಗಂಡಸು ಆ ಕ್ಲಬ್ಬಿನಲ್ಲಿ ಹುಟ್ಟಿರಲಿಲ್ಲ. ಅದಕ್ಕೆ ಕಾರಣ ಅವರ ಬ್ಯಾಟಿಂಗ್ ಅಲ್ಲ, ಅವರ ಕಾರು. ಬ್ಯಾಟಿಂಗ್ ತಂಡದವರೇ ಸರದಿಯ ಮೇಲೆ ಅಂಪೈರ್ ಆಗುವುದು ಮಕ್ಸೂದಾ ಬರುವ ತನಕ ಅಲ್ಲಿನ ಪದ್ಧತಿಯಾಗಿತ್ತು. ಹೊಸದಾಗಿ ವೀಸಾದ ಮೇಲೆ ಬಂದಿಳಿದ ಹುಡುಗರಿಗೆ ಕಾರಿಲ್ಲ. ಕಾರಿಲ್ಲದವರನ್ನು ಕರೆತಂದು, ಸಂಜೆ ಮನೆಗೆ ಬಿಡುವವರು ಅಧ್ಯಕ್ಷರೂ ಕ್ಯಾಪ್ಟನ್ನರೂ ಆದ ಕೇಶವಮೂರ್ತಿಗಳು. ರೈಡ್ ಕೊಟ್ಟ ಮಹಾನುಭಾವರಿಗೆ ಔಟ್ ಕೊಟ್ಟು ಹೈವೇ ಪಕ್ಕದಲ್ಲಿ ರೆಸ್ಟನ್ನಿನ ಮನೆಯವರೆಗೆ ನಡೆಯುವ ಧೈರ್ಯ ಯಾರಿಗಿದೆ? ಮಕ್ಸೂದಾ ತಮ್ಮ ಹಳೇ ನೀಲಿ ವ್ಯಾನನ್ನು ತಾವೇ ಓಡಿಸಿಕೊಂಡು ಬರುತ್ತಿದ್ದರು.

“ಮೇಡಂ, ಬಾಲ್ ಲೆಗ್ ಸೈಡಿಗೆ ಹೋಗ್ತಿತ್ತು,” ಎಂದರು ಮೂರ್ತಿಗಳು, ಅಜ್ಞಾನಿಗಳಿಗೆ ತಿಳಿಹೇಳುವ ದನಿಯಲ್ಲಿ.

“ಹೋಗೋಕೆ ನೀವು ಬಿಟ್ರೆ ತಾನೇ ಸಾರ್? ನಿಮ್ಮ ಕಾಲು ಅಡ್ಡ ಇತ್ತು,” ಎಂದರು ಮಕ್ಸೂದಾ.

ಮೈಸೂರಿನ ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಅಣ್ಣತಮ್ಮಂದಿರ ನಡುವೆ ಒಬ್ಬಳೇ ಹುಡುಗಿಯಾಗಿ ಬೆಳೆದವರು ಆಕೆ. ಅಣ್ಣತಮ್ಮಂದಿರು ಔಟಾದರೂ ಬ್ಯಾಟು ಬಿಡದೆ ಹೊಡೆದಾಡುತ್ತಿದ್ದಾಗ ಅವರ ಅಮ್ಮ ರೋಸಿಹೋಗಿ, “ಇನ್ಮೇಲೆ ಇವಳು ಹೇಳಿದ್ದೇ ಹೇಳಿದ್ದು” ಎಂದು ಮಗಳನ್ನು ನ್ಯಾಯಕ್ಕೆ ಕೂರಿಸಿದ್ದರು. ಆ ಹುದ್ದೆಗೆ ಆಕೆ ರಾಜೀನಾಮೆ ಕೊಡಲೇ ಇಲ್ಲ. ಅಮೆರಿಕಕ್ಕೆ ಬಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ಮ್ಯಾನೇಜರು ಎದೆಯ ಮೇಲಿನ ಪಟ್ಟಿಗೆ ‘ಮ್ಯಾಕ್ಸ್’ ಅಂತ ಬರೆಸಿಕೋ, ಗಿರಾಕಿಗಳಿಗೆ ಸುಲಭ ಎಂದನಂತೆ. “ನಿನ್ನ ಹೆಸರಿಗೆ ನಾನೇನಾದ್ರೂ ಕತ್ತರಿ ಹಾಕಿದೀನಾ?” ಎಂದು ಕೇಳಿ ಮಕ್ಸೂದಾ ಪೂರ್ತಿ ಹೆಸರನ್ನೇ ಬರೆಸಿಕೊಂಡರು. ಪಟ್ಟಿ ಸ್ವಲ್ಪ ಅಗಲವಾಯಿತು, ಅಷ್ಟೆ.

ಇಂಥವರ ಮಗ ಶಾಹಬಾಜ್. ಹತ್ತೊಂಬತ್ತರ ಹುಡುಗ, ಬಿದಿರುಗಳುವಿನ ಹಾಗೆ ಉದ್ದಕ್ಕೆ ಬೆಳೆದವನು. ಪಾರ್ಕಿಂಗ್ ಲಾಟಿನ ಅಂಚಿನಿಂದ ಓಡಿಬಂದು ಬಾಲು ಬಿಟ್ಟನೆಂದರೆ ಬ್ಯಾಟು ಎತ್ತುವ ಮೊದಲೇ ಸ್ಟಂಪು ಮಲಗಿರುತ್ತಿತ್ತು. ತೊಂಬತ್ತೇಳರ ಆ ಬೇಸಿಗೆಯಲ್ಲಿ ಎಲ್ಲಿ ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟವಾದರೂ ಬಿಸಿಬೇಳೆಬಾತಿನ ಜೊತೆ ಇವನದೇ ಮಾತು. ತಂಡದ ವೇಣುಗೋಪಾಲನಂತೂ, “ಮೈಸೂರಲ್ಲೇ ಇದ್ದಿದ್ರೆ ಇಷ್ಟೊತ್ತಿಗೆ ರಣಜಿ ಆಡ್ತಿದ್ದ!” ಎಂದು ಚಮಚ ಎತ್ತಿ ಸಾರುತ್ತಿದ್ದ.

“ಹೈಪು ಕಣಯ್ಯಾ, ಬರೀ ಹೈಪು,” ಎನ್ನುತ್ತಿದ್ದರು ಮೂರ್ತಿಗಳು. “ನಾನು ಚಿನ್ನಸ್ವಾಮಿ ಸ್ಟೇಡಿಯಮ್ಮಲ್ಲಿ ನಿಜವಾದ ಫಾಸ್ಟ್ ಬೌಲಿಂಗ್ ನೋಡಿದೋನು.”

“ಗ್ಯಾಲರಿಯಿಂದ ತಾನೇ ಸಾರ್?” ಎನ್ನುತ್ತಿದ್ದ ವೇಣುಗೋಪಾಲ.

ಸೆಪ್ಟೆಂಬರಿನ ಲೇಬರ್ ಡೇ ರಜಕ್ಕೆ ಅಟ್ಲಾಂಟಾದಲ್ಲಿ ಟೂರ್ನಮೆಂಟು. ತಂಡ ಆರಿಸುವವರು ಮೂರ್ತಿಗಳು. ಪ್ರತಿ ಭಾನುವಾರ ತಮ್ಮ ಸ್ಟಂಪು ಕೆಡವಿದ ಹುಡುಗನನ್ನು ಬಿಟ್ಟು ಹೋಗಲು ಅವರಿಗೊಂದು ಗೌರವಾನ್ವಿತ ಕಾರಣ ಬೇಕಿತ್ತು. ಅದು ಆಫೀಸಿನ ಕೆಫೆಟೇರಿಯಾದಲ್ಲಿ ತಾನಾಗಿ ಸಿಕ್ಕಿತು. ಬೇಸ್‌ಬಾಲಿನಲ್ಲಿ ಎಸೆಯುವವನಿಗೂ ಹೊಡೆಯುವವನಿಗೂ ಅರವತ್ತೂವರೆ ಅಡಿ ದೂರ ಎಂದು ಸಹೋದ್ಯೋಗಿಯೊಬ್ಬ ಸ್ಯಾಂಡ್‌ವಿಚ್ ತಿನ್ನುತ್ತ ಹೇಳಿದ. ಮೂರ್ತಿಗಳ ಕೈಯಲ್ಲಿನ ಮೊಸರನ್ನ ಅಲ್ಲೇ ನಿಂತಿತು. ಪಾರ್ಕಿನಲ್ಲಿ ಇವರು ಪಿಚ್ಚಿಗೆಂದು ಮ್ಯಾಟು ಹಾಸುತ್ತಿದ್ದದ್ದು ಹಳೇ ಬೇಸ್‌ಬಾಲ್ ಮೈದಾನದಲ್ಲಿ, ಎಸೆಯುವವನ ಬಿಳಿ ಪಟ್ಟಿಯಿಂದ ಹೊಡೆಯುವವನ ಬಿಳಿ ಹಲಗೆಯ ತನಕ! ಕ್ರಿಕೆಟ್ ಪಿಚ್ಚಿಗೆ ಬೇಕಾದದ್ದು ಇಪ್ಪತ್ತೆರಡು ಗಜ, ಎಂದರೆ ಅರವತ್ತಾರು ಅಡಿ.

ಮುಂದಿನ ಭಾನುವಾರ ಮೂರ್ತಿಗಳು ಬ್ಯಾಟಿಗಿಂತ ಮೊದಲು ಟೇಪು ಹೊರತೆಗೆದರು. ಇನ್ನೊಂದು ತುದಿ ಹಿಡಿದವರು ಮಕ್ಸೂದಾ. ಅಳತೆ ಐದೂವರೆ ಅಡಿ ಕಡಿಮೆ ಬಂತು.

“ನೋಡಿದ್ರಾ!” ಮೂರ್ತಿಗಳು ಎಲ್ಲರನ್ನೂ ಕರೆದು ಭಾಷಣಕ್ಕೆ ನಿಂತರು. “ಹುಡುಗನಲ್ಲಿ ವೇಗ ಇಲ್ಲ, ಮ್ಯಾಟಲ್ಲಿ ಉದ್ದ ಇಲ್ಲ! ಎಲ್ಲಾ ಭ್ರಮೆ. ಓವರ್‌ರೇಟೆಡ್ ಅಂತ ನಾನು ಹೇಳ್ತಿದ್ದದ್ದು ಇದಕ್ಕೇ.”

“ಅಲ್ಲಾ ಸಾರ್, ಮ್ಯಾಟ್ ಕತ್ತರಿಸಿದ್ದು ಯಾರು?” ಎಂದ ವೇಣುಗೋಪಾಲ.

ಮ್ಯಾಟು ಕೊಂಡ ವರ್ಷ, ‘ಅಮೆರಿಕದವರು ಅಳೆದು ಹಾಕಿರೋ ಗುರುತು, ಇದರಲ್ಲಿ ತಪ್ಪೇನಿರುತ್ತೆ’ ಎಂದು ಉಳಿದ ತುಂಡನ್ನು ಕತ್ತರಿಸಿ ಗರಾಜಿಗೆ ಹಾಸಿಕೊಂಡದ್ದು ಮೂರ್ತಿಗಳೇ. ಅವರು ಈ ಪ್ರಶ್ನೆಯನ್ನು ಆಫ್ ಸ್ಟಂಪಿನ ಹೊರಗಿನ ಬಾಲಿನ ಹಾಗೆ ಗಾಂಭೀರ್ಯದಿಂದ ಬಿಟ್ಟುಬಿಟ್ಟರು.

“ಹಾಗಾದ್ರೆ ಶಾಹಬಾಜ್ ಅಟ್ಲಾಂಟಾಕ್ಕೆ ಬರಲ್ಲ,” ಎಂದರು. “ಅಲ್ಲಿ ಪೂರ್ತಿ ಪಿಚ್ಚು. ಅವನನ್ನ ಚಚ್ಚಿಬಿಡ್ತಾರೆ.”

ಹುಡುಗ ಕೈಯಲ್ಲಿದ್ದ ಬಾಲನ್ನೇ ನೋಡುತ್ತ ನಿಂತ. ಮಕ್ಸೂದಾ ಬೌಲರ್ ಕಡೆಯ ಸ್ಟಂಪುಗಳನ್ನು ಒಂದೊಂದಾಗಿ ಕಿತ್ತರು. ಟೇಪು ಹಿಡಿದು ಹಿಂದಕ್ಕೆ ಹೋಗಿ, ಮ್ಯಾಟಿನಾಚೆ ಬರೀ ಮಣ್ಣಿನಲ್ಲಿ, ಸರಿಯಾದ ಜಾಗದಲ್ಲಿ ನೆಟ್ಟು ಬ್ಯಾಟಿನ ಹಿಡಿಯಿಂದ ಕುಟ್ಟಿದರು. ಸ್ಟಂಪಿನ ಮುಂದೆ ಸುಣ್ಣದ ಗೆರೆ ಎಳೆದು ಕೈ ಕೊಡವಿಕೊಂಡರು.

“ಪ್ಯಾಡ್ ಕಟ್ಕೊಳ್ಳಿ ಸಾರ್. ಪೂರ್ತಿ ಉದ್ದ. ಒಂದೇ ಓವರ್. ನೀವು ಉಳಿದ್ರೆ ಅವನು ಮನೇಲಿರ್ತಾನೆ, ನಾನು ತುಟಿ ಬಿಚ್ಚಲ್ಲ. ಔಟಾದ್ರೆ ಕರ್ಕೊಂಡು ಹೋಗ್ಬೇಕು.”

“ಅಮ್ಮೀ, ದಿಸ್ ಈಸ್ ನಾಟ್ ಫೇರ್! ಇಷ್ಟುದ್ದ ನಾನು ಯಾವತ್ತೂ ಹಾಕಿಲ್ಲ,” ಎಂದ ಶಾಹಬಾಜ್.

“ಅವರೂ ಯಾವತ್ತೂ ಆಡಿಲ್ಲ. ಹೋಗು.”

ಮೂರ್ತಿಗಳು ವಿಜಯೋತ್ಸವಕ್ಕೆ ಹೊರಟವರಂತೆ ಕ್ರೀಸಿಗೆ ನಡೆದರು. ಮೊದಲ ಬಾಲು ಹಳೇ ಅಂದಾಜಿನಲ್ಲೇ ಬಿತ್ತು, ದೂರದಲ್ಲೇ ಪುಟಿದು ಸೊಂಟದ ಎತ್ತರಕ್ಕೆ ಆರಾಮವಾಗಿ ಬಂತು. ಮೂರ್ತಿಗಳು ಬೀಸಿದರು. ಬಾಲು ಪಿಕ್ನಿಕ್ ಟೇಬಲ್ಲಿನ ಕೆಳಗೆ ಹೋಯಿತು. “ಓವರ್‌ರೇಟೆಡ್!” ಎಂದರು. ಎರಡನೆಯದೂ ಹಾಗೇ ಬಂತು, ಹಾಗೇ ಹೋಯಿತು. “ವೇಣು, ಚಮಚ ತಂದಿದೀಯೇನಯ್ಯಾ?” ಎಂದು ಕೂಗಿದರು. ವೇಣುಗೋಪಾಲ ಶೂ ಲೇಸು ಕಟ್ಟಿಕೊಳ್ಳತೊಡಗಿದ. ಹುಡುಗ ವಾಪಸು ಹೋಗುವಾಗ ತಾಯಿಯ ಮುಖ ನೋಡಿದ.

“ಅಂಪೈರ್ ಮುಖದಲ್ಲಿ ಏನೂ ಬರ್ದಿಲ್ಲ. ಬಾಲ್ ಹಾಕು,” ಎಂದರು ಮಕ್ಸೂದಾ.

ಮೂರನೆಯದನ್ನು ಅವನು ಇನ್ನೂ ಮುಂದಕ್ಕೆ, ಬ್ಯಾಟಿನ ಬುಡಕ್ಕೇ ಎಸೆದ. ಮೂರ್ತಿಗಳು ಇಷ್ಟು ವರ್ಷ ಗಿಡ್ಡ ಮ್ಯಾಟಿನ ಮೇಲೆ ಕಲಿತದ್ದು ಒಂದೇ ವಿದ್ಯೆ: ಹುಡುಗನ ತೋಳು ತಿರುಗಿತೋ ಇಲ್ಲವೋ, ಬ್ಯಾಟನ್ನು ಇಳಿಸಿಬಿಡಬೇಕು. ಪುಟಿಯದೆ ಬರುತ್ತಿದ್ದ ಬಾಲಿಗೆ ಅದೇ ಅಭ್ಯಾಸದಲ್ಲಿ ಇಳಿಸಿದರು. ಬ್ಯಾಟು ಸೊಗಸಾಗಿ ಬೀಸಿ, ಭುಜದ ಮೇಲಕ್ಕೆ ಏರಿ, ಫೋಟೋಗೆ ನಿಂತಿತು. ಆಮೇಲೆ ಬಾಲು ಬಂತು. ಆಫ್ ಸ್ಟಂಪು ಎರಡು ಲಾಗ ಹಾಕಿ ಹುಲ್ಲಿನಲ್ಲಿ ಮಲಗಿತು.

“ನೋ ಬಾಲ್!” ಎಂದರು ಮೂರ್ತಿಗಳು.

ಮಕ್ಸೂದಾ ಬೆರಳಿನಿಂದ ಸುಣ್ಣದ ಗೆರೆ ತೋರಿಸಿದರು. ಶೂ ಗುರುತು ಅದರ ಹಿಂದೆಯೇ ಇತ್ತು. ಆಮೇಲೆ ಅದೇ ಬೆರಳು ಮೇಲಕ್ಕೆ ಹೋಯಿತು.

ಮೂರ್ತಿಗಳು ಕ್ರೀಸು ಬಿಡಲಿಲ್ಲ. ಅಧ್ಯಕ್ಷರು ಹಾಗೆಲ್ಲ ಸುಮ್ಮನೆ ಹೊರಡುವುದು ಸಂಸ್ಥೆಗೆ ಒಳ್ಳೆಯದಲ್ಲ. ಬ್ಯಾಟಿಗೆ ಒರಗಿ, ಎಲ್ಲರಿಗೂ ಕೇಳುವಂತೆ ಕೇಳಿದರು: “ಅಲ್ಲಾ ಮೇಡಂ, ನಾನು ಹೊಡೆದು ಮುಗಿಸಿದ ಮೇಲೆ ಬಂದಿದೆ ಬಾಲು! ಇಷ್ಟು ನಿಧಾನ ಬಂದದ್ದಕ್ಕೆ ಒಬ್ಬ ಬ್ಯಾಟ್ಸ್‌ಮನ್ ಔಟು ಅಂತ ಹ್ಯಾಗೆ ಹೇಳ್ತೀರಿ ನೀವು?”

“ಸ್ಟಂಪ್ ಬಿದ್ದಿದೆ ಸಾರ್,” ಎಂದರು ಮಕ್ಸೂದಾ. “ಹೊರಡಿ.”