ಹಾರುಬೂದಿ ಬಲ್ಲ ಗೌಂಡಿ

ಗೌಂಡಿ ಕಾಕಾನ ಬಲಗಿವಿಯ ಸುರುಳಿಯಲ್ಲಿ ಸದಾ ಬೂದುಬಣ್ಣದ ಪುಡಿ ಕೂತಿರುತ್ತಿತ್ತು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಒಗೆದ ಧೋತರ ಉಟ್ಟು ಬಂದ ದಿನವೂ ಆ ಕಿವಿ ಮಾತ್ರ ಹಾಗೆಯೇ. ಕಟ್ಟಿದ ಗೋಡೆಗೆ ಕಿವಿಯೊತ್ತಿ, ಸಣ್ಣ ಸುತ್ತಿಗೆಯಿಂದ ಬಡಿದು ಒಳಗಿನ ಸದ್ದು ಕೇಳುವುದು ಅವರ ರೂಢಿ. ಆಗ ಪಕ್ಕದಲ್ಲಿ ಯಾರೂ ಪಿಟಕ್ಕೆನ್ನುವಂತಿರಲಿಲ್ಲ. ಅವರ ಮುಖ ಕಪ್ಪಿಟ್ಟಿತೆಂದರೆ ಕೂಲಿಯವರು ಮೆಲ್ಲಗೆ ಹಿಂದೆ ಸರಿಯುತ್ತಿದ್ದರು. ನನಗೆ ನಗು ಬರುತ್ತಿತ್ತು.

ಅವರು ಗೊಬ್ಬೂರಿನವರು. ಸೊನ್ನದಲ್ಲಿ ಭೀಮಾ ನದಿಗೆ ಬ್ಯಾರೇಜು ಕಟ್ಟುವಾಗ ಬುಟ್ಟಿ ಹೊರಲು ಹೋಗಿ, ಗಾರೆಕೆಲಸ ಕಲಿತು ಗೌಂಡಿಯಾಗಿ ಹೊರಬಂದವರು. ನಾನು ಗುತ್ತಿಗೆದಾರರೊಬ್ಬರ ಕೈಕೆಳಗಿನ ಎಂಜಿನಿಯರ್, ಅವರ ಅರ್ಧ ವಯಸ್ಸಿನವನು. ಕಾಂಕ್ರೀಟಿಗೆ ಹಾರುಬೂದಿ ಬೆರೆಸುವುದನ್ನು ಅವರಿಗೆ ಕಲಿಸಿದವನು ನಾನೇ ಎಂಬ ಜಂಬ ನನಗೆ. ಕಲ್ಲಿದ್ದಲು ಉರಿಸಿ ಕರೆಂಟು ಮಾಡುವಲ್ಲಿ ಉಳಿಯುವ ಬೂದಿ ಇದು, ಗುಡ್ಡೆ ಹಾಕಿದರೆ ಹೊಲ ಹಳ್ಳ ಕೆಡಿಸುತ್ತದೆ, ಸಿಮೆಂಟಿನ ಒಂದು ಪಾಲು ತೆಗೆದು ಇದನ್ನು ಹಾಕಿದರೆ ಸಿಮೆಂಟು ಸುಡುವ ಹೊಗೆಯೂ ಅಷ್ಟು ಕಡಿಮೆ ಎಂದೆಲ್ಲ ಭಾಷಣ ಬಿಗಿದೆ. ಕಾಕಾ ಚಿಟಿಕೆ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಸಾಹೇಬರ ಬಾಯಿಯಂತೂ ಗಟ್ಟಿಯಿದೆ, ಇದು ಎಷ್ಟು ದಿನಕ್ಕೆ ಗಟ್ಟಿಯಾಗುತ್ತದೋ ನೋಡೋಣ ಎಂದು ಕೂಲಿಯವರನ್ನು ನಗಿಸಿದರು.

ಅಷ್ಟಕ್ಕೇ ಬಿಡಲಿಲ್ಲ. ಬೂದಿ ಬೆರೆಸಿದ ಕಾಂಕ್ರೀಟಿನ ಮುದ್ದೆಗಳನ್ನು ಮನೆಯ ಕಟ್ಟೆಯ ಮೇಲೆ ಸಾಲಾಗಿಟ್ಟು ದಿನಕ್ಕೊಂದು ಒಡೆದರು. ಬೇಸಿಗೆಯಲ್ಲಿ ಒಮ್ಮೆ, ಚಳಿಯಲ್ಲಿ ಇನ್ನೊಮ್ಮೆ. ಆಮೇಲೆ ನನ್ನನ್ನು ಕರೆದು ಹೇಳಿದರು: "ಬೂದಿ ಛಲೋ ಅದರಿ ಸಾಹೇಬ್ರ. ಆದ್ರ ಚಳಿಯಾಗ ಭಾಳ ಸಾವಕಾಶ ಹಿಡೀತದ. ಅವಸರ ಮಾಡಿದ್ರ ಮಂದಿ ಸಾಯ್ತಾರ." ಮುಂದೆ ಗೊಬ್ಬೂರಿನ ಹಲವು ಮನೆಗಳ ಸ್ಲ್ಯಾಬನ್ನು ಅದರಲ್ಲೇ ಹಾಕಿದರು. ಒಂದಕ್ಕೂ ಕೂದಲೆಳೆಯಷ್ಟು ಬಿರುಕು ಬರಲಿಲ್ಲ.

ಅವರದೊಂದು ಕಟ್ಟುನಿಟ್ಟಿತ್ತು. ಸ್ಲ್ಯಾಬಿನ ಕೆಳಗಿನ ಆಧಾರದ ಕಂಬಗಳನ್ನು ಬಿಚ್ಚುವ ದಿನ, ಸ್ಲ್ಯಾಬ್ ಹಾಕಿದ ಗೌಂಡಿಯೊಬ್ಬನೇ ಒಳಗೆ ಹೋಗಬೇಕು, ಮೊದಲ ಸಾಲು ಅವನೇ ಬಿಚ್ಚಬೇಕು. ಉಳಿದವರೆಲ್ಲ ಹೊರಗೆ.

ಮಟಕಿ ಎಂಬ ಊರಿನ ಸಮುದಾಯ ಭವನಕ್ಕೆ ಬೂದಿ ಬೆರೆಸಿದ ಸ್ಲ್ಯಾಬ್ ಹಾಕಿದ್ದು ಎಳ್ಳಮಾವಾಸ್ಯೆಯ ಚಳಿಯಲ್ಲಿ. ಜೇವರ್ಗಿಯಲ್ಲಿ ನಮ್ಮ ಇನ್ನೊಂದು ಕೆಲಸ ಈ ಕಂಬಗಳಿಗಾಗಿಯೇ ನಿಂತಿತ್ತು. ಹದಿನಾಲ್ಕನೆಯ ದಿನಕ್ಕೆ ಟ್ರಕ್ಕು ತರಿಸಿಬಿಟ್ಟೆ. ಹದಿನಾಲ್ಕು ದಿನವೆಂಬುದು ಬರೀ ಸಿಮೆಂಟಿನ ಲೆಕ್ಕ, ಬೂದಿಯದಲ್ಲ ಎಂಬುದು ನನಗೆ ಗೊತ್ತಿತ್ತು. ಕಾಕಾ ಏಣಿ ಹತ್ತಿ ಕಿವಿಯೊತ್ತಿ ಬಡಿದರು. ಇಳಿದು ಬಂದಾಗ ಅವರ ಮುಖ ನೋಡಲಾಗಲಿಲ್ಲ.

"ಒಳಗ ಇನ್ನಾ ಹಸಿ ಅದರಿ. ಹದಿನೈದ್ ದಿನ ಬಿಡ್ರಿ."

ಟ್ರಕ್ಕು ಖಾಲಿ ಹೋಗುವುದಿಲ್ಲ ಎಂದೆ. ನೀವು ಬಿಚ್ಚದಿದ್ದರೆ ಬೇರೆಯವರಿಂದ ಬಿಚ್ಚಿಸುತ್ತೇನೆ ಎಂದೂ ಅಂದೆ. ತಮ್ಮ ಬದಲು ಇನ್ನೊಬ್ಬನನ್ನು ಅವರು ಒಳಗೆ ಬಿಡಲಾರರು ಎಂದು ತಿಳಿದೇ ಅಂದದ್ದು. ಕಾಕಾ ಕೂಲಿ ಹೆಣ್ಣುಮಕ್ಕಳನ್ನೂ ಗಂಡಸರನ್ನೂ ದೂರದ ಬೇವಿನ ಮರದವರೆಗೆ ಕಳಿಸಿ, ಎಣಿಸಿ ನೋಡಿ, ಒಬ್ಬರೇ ಒಳಗೆ ಹೋದರು. ಒಂದು ಕಂಬ ಬಿತ್ತು, ಎರಡನೆಯದು ಬಿತ್ತು. ನಾಲ್ಕನೆಯದಕ್ಕೆ ನನಗೆ ಧೈರ್ಯ ಬಂದು ಬಾಗಿಲು ದಾಟಿದೆ. ಮೇಲೆ ಎಲ್ಲೋ ಜೋಳದ ದಂಟು ಮುರಿದಷ್ಟೇ ಸದ್ದಾಯಿತು. ಕಾಕಾ ಬಾಗಿಲ ಕಡೆ ಓಡಿ ಬಂದರು. ಎರಡೂ ಕೈ ನನ್ನ ಎದೆಗೆ ಬಿದ್ದದ್ದು ನೆನಪಿದೆ. ನಾನು ಹೊರಗೆ ಬಿದ್ದೆ, ಹಿಂದೆಯೇ ಸ್ಲ್ಯಾಬ್ ಕುಸಿಯಿತು. ಅವರು ಹೊರಗೆ ಬರಲಿಲ್ಲ.

ವಿಚಾರಣೆಗೆ ಬಂದವರು ಬೂದಿ ಹೆಚ್ಚಾಗಿರಬೇಕು, ಗೌಂಡಿ ಅಳತೆ ತಪ್ಪಿರಬೇಕು ಎಂದರು. ನಾನು ಅಲ್ಲವೆನ್ನಲಿಲ್ಲ. ಹೇಡಿ ನಾನು. ನೌಕರಿ ಉಳಿಯಿತು.

ಕೆಲವು ತಿಂಗಳ ಮೇಲೆ ಅವರ ಹೆಂಡತಿ ನಾನಿದ್ದ ಅಫಜಲಪುರಕ್ಕೆ ನನ್ನನ್ನು ಹುಡುಕಿಕೊಂಡು ಬಂದರು. ಕಾಕಾ ಹಾಕಿದ ಸ್ಲ್ಯಾಬುಗಳಿಗೆಲ್ಲ ಗೊಬ್ಬೂರಿನ ಜನ ಬಿದ್ದೀತೆಂದು ಹೆದರಿ ಕೆಳಗೆ ಮರದ ಕಂಬ ಕೊಟ್ಟಿದ್ದಾರಂತೆ. ಒಳಗೆ ಯಾರೂ ಮಲಗುವುದಿಲ್ಲವಂತೆ. ಆಕೆ ಬೇರೇನೂ ಬೇಡಲಿಲ್ಲ.

"ಅವರು ಅಳತಿ ತಪ್ಪಿದ್ರೇನ್ರಿ? ಖರೇ ಹೇಳ್ರಿ."

ತಪ್ಪಿರಲಿಲ್ಲ, ಹಸಿ ಇದೆ ಎಂದು ಅವರು ಹೇಳಿದ್ದರು, ಬಿಚ್ಚಿಸಿದವನು ನಾನು ಎಂದೆ.

"ನನಗಷ್ಟ ಹೇಳಿದ್ರ ಏನ್ ಬಂತ್ರಿ. ಕಂಬ ಕೊಟ್ಟಾರಲ್ಲ, ಆ ಮನಿಗೆ ಹೋಗಿ ಹೇಳ್ರಿ."

ವಿಚಾರಣೆಯವರಿಗೆ ನಿಜ ಬರೆದುಕೊಟ್ಟು, ಮರುದಿನ ಗೊಬ್ಬೂರಿಗೆ ಹೋದೆ. ಮೊದಲ ಮನೆಯಲ್ಲಿ ಒಲೆಯನ್ನು ಅಂಗಳಕ್ಕೆ ತಂದು ಹೂಡಿದ್ದರು. ಮನೆಯಾಕೆ ರೊಟ್ಟಿ ಬಡಿಯುವುದು ನಿಲ್ಲಿಸಿ ನಾನು ಹೇಳಿದ್ದನ್ನೆಲ್ಲ ಕೇಳಿದಳು. ಆಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದಳು. ಆಕೆ ಒಲೆಯನ್ನು ಒಳಗೆ ಒಯ್ಯಲಿಲ್ಲ. ನಾನು ಎದ್ದು ಮುಂದಿನ ಮನೆಗೆ ನಡೆದೆ. ಅಲ್ಲಿಯೂ ಪಡಸಾಲೆಯ ನಡುವೆ ಕಂಬ ನಿಂತಿತ್ತು.