ತೆರೆದುಕೊಂಡಿದ್ದ ಫೋಟೋಗಳು

ಸುಮಾ, ಅಪ್ಪನ ಫೋಟೋಗಳು ಕೆಟ್ಟಿರಲಿಲ್ಲ. ನಾನು ಸುಳ್ಳು ಹೇಳಿದೆ — ಗೊತ್ತಿದ್ದೂ, ಬೇಕೆಂದೇ.

ಅಪ್ಪ ತೀರಿಹೋದ ಮೇಲೆ, ಒಡಹುಟ್ಟಿದವಳನ್ನೇ ಹೊರಗಿಟ್ಟನೆಂದಾರು ಎಂದು ಊರಿನವರ ಬಾಯಿಗಂಜಿ ನಿನ್ನನ್ನು ಮನೆಗೆ ಸೇರಿಸಿದ್ದೆ. ತಿಥಿಗೆ ಮುಂಚೆ ನೀನು ಹೊಸೂರಿನ ನನ್ನ ಫ್ಲೆಕ್ಸ್ ಅಂಗಡಿಗೆ ಬಂದೆ. ನಿನ್ನ ಗಂಡನ ಫೋನು ಬಿದ್ದು ಒಡೆದಿತ್ತು. ಅದರ ಫೋಟೋಗಳು ಪೆನ್‌ಡ್ರೈವಿನಲ್ಲಿದ್ದವು, ಎಲ್ಲಿ ಹಾಕಿದರೂ ತೆರೆಯುತ್ತಿರಲಿಲ್ಲ. "ಅಣ್ಣಾ, ಅಪ್ಪಂದು ನನ್ತಾವ ಇರೋದು ಇವಷ್ಟೇ. ಎಂಗಾರ ಮಾಡಿ ತೆಗ್ದುಕೊಡು" ಎಂದು ನನ್ನ ಅಂಗೈಯಲ್ಲಿಟ್ಟು ಹೋದೆ.

ಕಷ್ಟದ ಕೆಲಸವೇನಲ್ಲ. ಕಪ್ಪು ಪರದೆ ತೆರೆದು ಒಂದು ಕಮಾಂಡ್ ಕೊಟ್ಟೆ. ಫೈಲುಗಳ ಹೆಸರಿನ ಕೊನೆಗೆ ಜೆಪಿಜಿ ಎಂದಿದ್ದರೂ ಒಳಗಿದ್ದದ್ದು ಎಚ್‌ಇಐಸಿ ಎಂಬ ಬೇರೆ ಬಗೆಯ ಫೋಟೋ — ಯಾರೋ ಹೆಸರನ್ನು ಮಾತ್ರ ಬದಲಿಸಿದ್ದರು. ಇನ್ನೊಂದು ಸಾಲು ಟೈಪ್ ಮಾಡಿ ನಿಜವಾದ ಜೆಪಿಜಿ ಮಾಡಿದೆ. ಎಲ್ಲವೂ ತೆರೆದುಕೊಂಡವು.

ಮೂಕಂಡಪಲ್ಲಿಯ ನಿನ್ನ ಮನೆ. ಜಾತಿ ಬಿಟ್ಟು ಮದುವೆಯಾದವಳ ಹೊಸ್ತಿಲು ತುಳಿಯುವುದಿಲ್ಲ ಎಂದು ನನ್ನೆದುರು ಆಣೆ ಮಾಡಿದ್ದ ಅಪ್ಪ, ತಳಿ ಊರಿಗೆ ಹೋಗಿಬರುತ್ತೇನೆಂದು ನನಗೆ ಹೇಳಿ ಬಸ್ಸು ಹತ್ತುತ್ತಿದ್ದ ಅಪ್ಪ — ನಿನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯ್ತುಂಬ ನಗುತ್ತಿದ್ದ. ನನ್ನ ಮನೆಯಲ್ಲಿ ಆ ನಗು ನಾನು ಕಂಡೇ ಇಲ್ಲ. ಅನ್ನ ಹಾಕಿದವನು ನಾನು, ಆಸ್ಪತ್ರೆಗೆ ಹೊತ್ತವನು ನಾನು, ಆದರೆ ನಗು — ಹೊಟ್ಟೆಕಿಚ್ಚು ಸುಮಾ, ಬೇರೇನಲ್ಲ.

ಮರುದಿನ ನಿನ್ನ ಮುಖ ನೋಡಿಕೊಂಡೇ ಹೇಳಿದೆ: "ಎಲ್ಲಾ ಕೆಟ್ಟೋಗ್ಬುಟ್ಟೈತೆ ಕಣಮ್ಮಿ. ಅಳಿಸಾಕಿ ಮಗೀಗೆ ಹಾಡಾದ್ರೂ ತುಂಬ್ಕೊ."

ನೀನು ಅಲ್ಲೇ, ನನ್ನ ಕಂಪ್ಯೂಟರಿನಲ್ಲೇ, ಕೈಯಾರೆ ಅಳಿಸಿದೆ. ಯಾವ ಬಟನ್ ಒತ್ತಬೇಕೆಂದು ತೋರಿಸಿಕೊಟ್ಟವನೂ ನಾನೇ.

ನಾನು ಜೆಪಿಜಿ ಮಾಡಿ ನನ್ನ ಕಂಪ್ಯೂಟರಿನಲ್ಲಿಟ್ಟುಕೊಂಡಿದ್ದ ಪ್ರತಿಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೂ ಅಳಿಸಿದೆ. ಆ ಒಂದರಲ್ಲಿ ಮಗುವನ್ನೂ ನಿನ್ನ ಮನೆಯ ಗುರುತನ್ನೂ ಕತ್ತರಿಸಿ ತೆಗೆದು, ಅಪ್ಪನ ಮುಖವಷ್ಟೇ ಉಳಿಸಿ, ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಪೂರ್ತಿ ಚಿತ್ರ ಅಲ್ಲಿಗೆ ಮುಗಿಯಿತು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ.

ತಿಥಿಯ ದಿನ ನೀನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. "ನಿನ್ ಮನೇಲಿ ಅಪ್ಪ ಏಟು ಖುಸಿಯಾಗಿದ್ದ, ಅಲ್ವಾ ಅಣ್ಣಾ?" ಎಂದು ನನ್ನ ಕೈ ಹಿಡಿದುಕೊಂಡೆ.

"ಊಂ ಕಣಮ್ಮಿ" ಎಂದೆ.

ವರ್ಷಗಳಾದವು. ಪ್ರತಿ ತಿಥಿಗೂ ನೀನು ಅದನ್ನೇ ಹೇಳುತ್ತೀಯ, ನಾನು ತಲೆಯಾಡಿಸುತ್ತೇನೆ. ನಾಳೆ ಆ ಫೋಟೋ ಇಳಿಸಿಕೊಂಡು ನಿನ್ನ ಮನೆಗೆ ಬರುತ್ತೇನೆ, ಅದು ಅಲ್ಲಿಯ ನಗು. ನಿನ್ನ ಮಗಳು ಎಲ್ಲಿ ಕೂತಿದ್ದಳೆಂದು ಕಟ್ಟಿನ ಹೊರಗೆ ಬೆರಳಿಟ್ಟು ತೋರಿಸಬಲ್ಲೆ. ಅದಕ್ಕಿಂತ ಹೆಚ್ಚಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.